ಬೀದಿಯಲ್ಲಿ ಮಲಗುವವರ ಮೇಲಿನ ಹಲ್ಲೆ ದ್ವೇಷಾಪರಾಧವಾಗಬೇಕೇ? ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸೂರಿಲ್ಲದವರ ಮೇಲೆ ಕೈ ಮಾಡಿದವರಿಗೆ ಹೆಚ್ಚಿನ ಶಿಕ್ಷೆ ಬೇಕೇ, ಬೇಕಾದರೆ ಅದು ಕಾನೂನಿನಲ್ಲಿ ಎಲ್ಲಿ ಸೇರಬೇಕು ಎಂಬ ಮಾತು ಬಂದಾಗಲೆಲ್ಲ ಅಂಗಡಿಯವರು, ಕಾಲೇಜು ಹುಡುಗರು, ಕೆಲವು ವಕೀಲರು ಕೇಳುವ ಪ್ರಶ್ನೆಗಳಿವು. ಉತ್ತರಗಳು ನನ್ನವು. ಇವನ್ನು ಎಲ್ಲರೂ ಒಪ್ಪುತ್ತಾರೆ ಎಂಬ ಭ್ರಮೆ ನನಗಿಲ್ಲ.

ಹೊಡೆದರೆ ಹೊಡೆದಂತೆ. ಅದರಲ್ಲಿ ದ್ವೇಷಾಪರಾಧ ಎಂದು ಬೇರೆ ಏಕೆ?

ಮದ್ಯದಂಗಡಿಯ ಮುಂದೆ ಬಿಲ್ಲಿನ ವಿಚಾರಕ್ಕೆ ಇಬ್ಬರು ಬಡಿದಾಡಿಕೊಳ್ಳುತ್ತಾರೆ. ಅದೇ ರಾತ್ರಿ ಪಿ.ಬಿ. ರಸ್ತೆಯ ಬದಿಯಲ್ಲಿ ಮೂವರು ಹುಡುಗರು ಬೈಕು ನಿಲ್ಲಿಸಿ, ಗೋಣಿಚೀಲ ಹೊದ್ದು ಮಲಗಿದ್ದ ಅಪರಿಚಿತನೊಬ್ಬನನ್ನು ಒದ್ದು, ಅವನು ಗಾಬರಿಯಿಂದ ಎದ್ದು ಓಡುವುದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಹೋಗುತ್ತಾರೆ. ಕಾನೂನಿನ ಪುಸ್ತಕದಲ್ಲಿ ಇಂದು ಎರಡೂ ಒಂದೇ, ಸಾಧಾರಣ ಗಾಯದ ಪ್ರಕರಣ. ಆದರೆ ಎರಡನೆಯದರಲ್ಲಿ ಜಗಳವಿಲ್ಲ, ಹಣದ ಆಸೆಯಿಲ್ಲ, ಹಳೆಯ ವೈಷಮ್ಯವೂ ಇಲ್ಲ. ಒದೆಸಿಕೊಂಡವನು ಯಾರಾದರೂ ಆಗಬಹುದಿತ್ತು, ಬೀದಿಯಲ್ಲಿ ಮಲಗಿರಬೇಕಿತ್ತು ಅಷ್ಟೆ. ಒಬ್ಬನು ಯಾವ ವರ್ಗಕ್ಕೆ ಸೇರಿದವನು ಎಂಬ ಕಾರಣಕ್ಕೇ ಅವನನ್ನು ಆರಿಸಿಕೊಂಡು ಎಸಗುವ ಅಪರಾಧವನ್ನು ದ್ವೇಷಾಪರಾಧ ಎನ್ನುತ್ತಾರೆ. ಅದರ ಏಟು ಒಬ್ಬನಿಗೆ ಬಿದ್ದರೂ ಪಾಠ ಆ ಸಾಲಿನಲ್ಲಿ ಮಲಗುವ ಎಲ್ಲರಿಗೂ ತಲುಪುತ್ತದೆ. ಮರುದಿನ ಅವರು ದೀಪವಿರುವ ಜಾಗ ಬಿಟ್ಟು ಕತ್ತಲೆಯ ಜಾಗ ಹುಡುಕುತ್ತಾರೆ. ಅಲ್ಲಿ ಅಪಾಯ ಇನ್ನೂ ಹೆಚ್ಚು.

ಸೂರಿಲ್ಲದವರು ಎಂದರೆ ಭಿಕ್ಷುಕರೇ?

ಬಹುಪಾಲು ಅಲ್ಲ. ಜನಗಣತಿಯ ಲೆಕ್ಕದಲ್ಲಿ ರಸ್ತೆ ಬದಿ, ಪಾದಚಾರಿ ಮಾರ್ಗ, ಮೇಲ್ಸೇತುವೆ ಮತ್ತು ಮೆಟ್ಟಿಲ ಅಡಿ, ರೈಲು ನಿಲ್ದಾಣ, ಗುಡಿಯ ಆವರಣದಲ್ಲಿ ರಾತ್ರಿ ಕಳೆಯುವವರೆಲ್ಲ ವಸತಿರಹಿತರು. 2011ರ ಫೆಬ್ರುವರಿ 28ರ ರಾತ್ರಿ ಅವರನ್ನು ಎಣಿಸಲಾಯಿತು: ದೇಶದಲ್ಲಿ 17.7 ಲಕ್ಷ, ಕರ್ನಾಟಕದಲ್ಲಿ ಸುಮಾರು 76 ಸಾವಿರ. ಒಂದೇ ರಾತ್ರಿಯ ಎಣಿಕೆ ಎಷ್ಟು ನಂಬಿಕಸ್ತ ಎಂಬುದು ಬೇರೆ ಮಾತು.

ನಮ್ಮಲ್ಲಿ ನೋಡಿದರೆ ಎಪಿಎಂಸಿ ಪ್ರಾಂಗಣದಲ್ಲಿ ಮೂಟೆ ಹೊತ್ತು ಅಲ್ಲೇ ಮಲಗುವ ಹಮಾಲಿ, ಊರೂರು ತಿರುಗುವ ಅಲೆಮಾರಿ ಕುಟುಂಬ, ಮದುವೆ ಸೀಸನ್ನಿಗೆ ಅಡುಗೆ ಕೆಲಸಕ್ಕೆ ಬಂದು ಊರಿಗೆ ಮರಳದವರು, ಮಕ್ಕಳು ಬಿಟ್ಟುಹೋದ ಅಜ್ಜಿ, ಖಾಸಗಿ ಬಸ್ ನಿಲ್ದಾಣದಲ್ಲಿ ಗಾಡಿ ತೊಳೆಯುವ ಹುಡುಗ, ಎಲ್ಲರೂ ಸಿಗುತ್ತಾರೆ. ಭಿಕ್ಷೆ ಬೇಡುವವರು ಅವರಲ್ಲಿ ಒಂದು ಭಾಗ.

ನಮ್ಮೂರಿನಲ್ಲಿ ಇಂಥ ಹಲ್ಲೆಗಳು ಎಷ್ಟು?

ಲೆಕ್ಕವಿಲ್ಲ, ಲೆಕ್ಕ ಹಾಕುವ ಕಾಲಂ ಸಹ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಯಲ್ಲಿ ಮಹಿಳೆ, ಮಕ್ಕಳು, ಹಿರಿಯ ನಾಗರಿಕರು, ಪರಿಶಿಷ್ಟರು ಎಂಬ ಅಧ್ಯಾಯಗಳಿವೆ. ಬೀದಿಯಲ್ಲಿ ಮಲಗುವವರ ಮೇಲಿನ ಅಪರಾಧಕ್ಕೆ ಶೀರ್ಷಿಕೆಯಿಲ್ಲ. ಕೇಳಿದರೆ ಅವರು ಹೇಳುವುದು ಕೊಲೆಯ ಕಥೆಗಳನ್ನಲ್ಲ, ದಿನನಿತ್ಯದ್ದನ್ನು. ನಸುಕಿನಲ್ಲಿ ಕಟ್ಟೆಯ ಮೇಲೆ ನೀರು ಸುರಿಯುವುದು. ಮಲಗಿದವನ ಕಾಲಿನ ಬಳಿ ಪಟಾಕಿ ಹಚ್ಚುವುದು. ಚೀಲ ಎತ್ತಿ ಚರಂಡಿಗೆ ಎಸೆಯುವುದು.

ಆ ಚೀಲದ ಬಗ್ಗೆ ಒಂದು ಮಾತು. ಅಕ್ಕಿ ಮೂಟೆಯ ಬಿಳಿ ಪ್ಲಾಸ್ಟಿಕ್ ಚೀಲ, ಬಾಯಿಗೆ ಸುತಳಿ. ಒಳಗೆ ಒಂದು ಪಂಚೆ, ತಟ್ಟೆ, ಆಸ್ಪತ್ರೆಯ ಚೀಟಿ, ಎರಡು ಮೂರು ಕವರಿನಲ್ಲಿ ಸುತ್ತಿಟ್ಟ ಆಧಾರ್ ಕಾರ್ಡು ಮತ್ತು ಯಾರದೋ ಮೊಬೈಲ್ ಸಂಖ್ಯೆ ಬರೆದ ಕಾಗದ. ಹೊಸ ದಂಡ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಪ್ರಕಾರ ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಕಳವು ಈಗ ಅಸಂಜ್ಞೇಯ. ಅಂದರೆ ಅವನ ಇಡೀ ಆಸ್ತಿಯನ್ನು ಹೊತ್ತೊಯ್ದರೂ ಪೊಲೀಸರು ತಾವಾಗಿ ತನಿಖೆ ಶುರು ಮಾಡುವಂತಿಲ್ಲ. ಚೀಲ ಹೋದ ಮೇಲೆ ಪಡಿತರವೂ ಇಲ್ಲ, ಪಿಂಚಣಿಯೂ ಇಲ್ಲ, ಉಚಿತ ಚಿಕಿತ್ಸೆಯೂ ಇಲ್ಲ.

ಹಲ್ಲೆಗೆ ಈಗಾಗಲೇ ಕಾನೂನಿದೆಯಲ್ಲ? ಅದು ಸಾಲದೇ?

ಇದೆ. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಬೀದಿಯ ಮನುಷ್ಯ ಎಲ್ಲಿ ಜಾರಿಬೀಳುತ್ತಾನೆ ಎಂಬುದನ್ನು ಹಂತಹಂತವಾಗಿ ನೋಡಬೇಕು.

ಒದ್ದು ಮೈ ಕಂದಿದರೆ ಅದು 115(2), ಸಾಧಾರಣ ಗಾಯ. ಗರಿಷ್ಠ ಒಂದು ವರ್ಷ ಜೈಲು ಅಥವಾ ಹತ್ತು ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಇದು ಅಸಂಜ್ಞೇಯ ಅಪರಾಧ. ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಸೆಕ್ಷನ್ ಪ್ರಕಾರ ಠಾಣೆಯಲ್ಲಿ ಪುಸ್ತಕಕ್ಕೆ ಬರೆದುಕೊಂಡು, ದೂರುದಾರನನ್ನು ಮ್ಯಾಜಿಸ್ಟ್ರೇಟರ ಬಳಿ ಹೋಗು ಎನ್ನುತ್ತಾರೆ. ಕೈಗೆ ಒಂದು ಹಿಂಬರಹ, ಅಂದರೆ ಠಾಣೆಯ ಲಿಖಿತ ಉತ್ತರ, ಸಿಗುತ್ತದೆ. ಮನೆ, ವಕೀಲ, ಬಸ್ ಚಾರ್ಜು ಇರುವವರೇ ಹಿಂಬರಹ ಹಿಡಿದು ನ್ಯಾಯಾಲಯಕ್ಕೆ ಹೋಗುವುದು ಅಪರೂಪ. ಹರಿದ ಅಂಗಿಯಲ್ಲಿ ಯಾರು ಹೋಗುತ್ತಾರೆ?

ಮೂಳೆ ಮುರಿದರೆ, ಹಲ್ಲು ಉದುರಿದರೆ ಅದು ಘೋರ ಗಾಯ. ಏಳು ವರ್ಷದವರೆಗೆ ಶಿಕ್ಷೆ, ಪೊಲೀಸರು ನೇರವಾಗಿ ತನಿಖೆ ಮಾಡಬಹುದು. 116ನೇ ಸೆಕ್ಷನ್ ಇನ್ನೊಂದು ಅಳತೆಗೋಲನ್ನೂ ಕೊಟ್ಟಿದೆ: ಹದಿನೈದು ದಿನ ತೀವ್ರ ನೋವು ಇರಬೇಕು, ಇಲ್ಲವೇ ಅಷ್ಟು ದಿನ ದೈನಂದಿನ ಕೆಲಸ ಕಾರ್ಯ ಮಾಡಲಾಗದಂತಿರಬೇಕು. ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿದ್ದಕ್ಕೆ ದಾಖಲೆ ಇರುವವನಿಗೆ ಇದನ್ನು ತೋರಿಸುವುದು ಸುಲಭ. ಪಟ್ಟಿ ಕಟ್ಟಿಸಿಕೊಂಡು ಸಂಜೆಗೇ ಹೊರಬಿದ್ದು ಮತ್ತೆ ಕಟ್ಟೆಗೆ ಬಂದವನ ನೋವಿಗೆ ಸಾಕ್ಷಿ ಯಾರು?

ದೊಣ್ಣೆ, ಚಾಕು, ಬೆಂಕಿ, ಕುದಿಯುವ ನೀರು ಬಳಸಿದ್ದರೆ 118 ಅನ್ವಯಿಸುತ್ತದೆ, ಇದು ಸಂಜ್ಞೇಯ, ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡಬಹುದು. ಪಟಾಕಿಯ ಸುಟ್ಟ ಗಾಯ ಇಲ್ಲಿಗೆ ಬರಬೇಕು. ದೂರು ಬರೆಯುವಾಗ ‘ಹೊಡೆದರು’ ಎಂದಷ್ಟೇ ಬರೆಯದೆ ಯಾವುದರಿಂದ ಎಂದು ಬರೆಯುವುದು ಎಷ್ಟು ಮುಖ್ಯ ಎಂದು ಇದರಿಂದ ತಿಳಿಯುತ್ತದೆ.

ಗುಂಪು ಹಲ್ಲೆಗೆ ಹೊಸ ಸೆಕ್ಷನ್ ಬಂದಿದೆಯಂತೆ. ಅದರಲ್ಲಿ ಇವರನ್ನು ಸೇರಿಸಬಹುದಲ್ಲ?

ನನ್ನ ಮಟ್ಟಿಗೆ ಈ ಪುಟದ ಮುಖ್ಯ ಪ್ರಶ್ನೆ ಇದು. 103(2) ಮತ್ತು 117(4) ಹೇಳುವುದಿಷ್ಟು: ಐದು ಅಥವಾ ಹೆಚ್ಚು ಜನ ಒಟ್ಟಾಗಿ ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಜನ್ಮಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ‘ಅಥವಾ ಇಂಥದೇ ಇತರ ಕಾರಣಕ್ಕೆ’ ಕೊಲೆ ಮಾಡಿದರೆ ಮರಣದಂಡನೆ ಇಲ್ಲವೇ ಜೀವಾವಧಿ, ಘೋರ ಗಾಯ ಮಾಡಿದರೆ ಏಳು ವರ್ಷದವರೆಗೆ ಜೈಲು.

ಓದಲು ಗಂಭೀರವಾಗಿದೆ. ಪಕ್ಕದ ಉಪಸೆಕ್ಷನ್‌ಗಳನ್ನೂ ಓದಿ. ಮಾಮೂಲಿ ಕೊಲೆಗೂ ಮರಣದಂಡನೆ ಅಥವಾ ಜೀವಾವಧಿಯೇ. ಮಾಮೂಲಿ ಘೋರ ಗಾಯಕ್ಕೂ ಏಳು ವರ್ಷವೇ. ಅಂದರೆ ಕಾರಣಕ್ಕೆ ಹೆಸರು ಕೊಟ್ಟರು, ಶಿಕ್ಷೆಯ ಮಿತಿಯನ್ನು ಒಂದು ದಿನವೂ ಏರಿಸಲಿಲ್ಲ. ಸಾಧಾರಣ ಗಾಯಕ್ಕೆ ಇಂಥ ಉಪಸೆಕ್ಷನ್ನೇ ಇಲ್ಲ. ಬೀದಿಯಲ್ಲಿ ಹೆಚ್ಚಾಗಿ ನಡೆಯುವುದು ಅದೇ.

ಮೇಲಾಗಿ ಐದು ಜನ. ಬೈಕಿನಲ್ಲಿ ಬರುವವರು ಇಬ್ಬರು, ಮೂವರು. ‘ಇಂಥದೇ ಇತರ ಕಾರಣ’ ಎಂಬ ಪದಗಳಲ್ಲಿ ಸೂರಿಲ್ಲದಿರುವಿಕೆಯೂ ಅಡಗಿದೆ ಎಂದು ವಾದಿಸಬಹುದು. ಎದುರಿನ ವಕೀಲರು ಸುಮ್ಮನಿರುವುದಿಲ್ಲ: ಪಟ್ಟಿಯಲ್ಲಿರುವುದು ಹುಟ್ಟು, ನಂಬಿಕೆ, ಗುರುತು, ಬೀದಿಯಲ್ಲಿ ಮಲಗುವುದು ಒಂದು ಪರಿಸ್ಥಿತಿ, ಅದು ಈ ಬಗೆಗೆ ಸೇರಿದ್ದಲ್ಲ ಎನ್ನುತ್ತಾರೆ. ಕ್ರಿಮಿನಲ್ ಕಾನೂನಿನಲ್ಲಿ ಅನುಮಾನದ ಲಾಭ ಆರೋಪಿಗೆ. ಆದ್ದರಿಂದ ಪದವನ್ನು ಪಟ್ಟಿಯಲ್ಲಿ ಬರೆದೇ ಬಿಡಬೇಕು ಎಂಬುದು ನನ್ನ ನಿಲುವು.

ರಾಜ್ಯದ ದ್ವೇಷ ಭಾಷಣ ವಿಧೇಯಕದಲ್ಲಿ ಇದು ಬರುವುದಿಲ್ಲವೇ?

2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾದ ಕರ್ನಾಟಕದ ವಿಧೇಯಕದ ಹೆಸರಿನಲ್ಲಿ ದ್ವೇಷಾಪರಾಧವೂ ಇದೆ. ಆದರೆ ಅದರ ಗುರಿ ಮುಖ್ಯವಾಗಿ ಮಾತು, ಬರಹ, ಪ್ರಚಾರ. ಕಾರಣಗಳ ಪಟ್ಟಿಯಲ್ಲಿ ವಾಸಸ್ಥಳ ಇದೆ. ವಾಸಸ್ಥಳವೇ ಇಲ್ಲದವನಿಗೆ ಅದನ್ನು ಅನ್ವಯಿಸಲು ಹೊರಟರೆ ನ್ಯಾಯಾಲಯದಲ್ಲಿ ನಗೆಪಾಟಲಾಗುವ ಸಂಭವವೇ ಹೆಚ್ಚು.

ಬೇರೆ ದೇಶಗಳಲ್ಲಿ ಹೀಗೆ ಮಾಡಿದ್ದಾರೆಯೇ?

ಅಮೆರಿಕದಲ್ಲಿ ಕೆಲವು ರಾಜ್ಯಗಳು ಮಾಡಿವೆ. 2006ರ ಜನವರಿಯಲ್ಲಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಹದಿಹರೆಯದ ಹುಡುಗರು ಬೀದಿಯಲ್ಲಿದ್ದವರನ್ನು ಬೇಸ್‌ಬಾಲ್ ದಾಂಡಿನಿಂದ ಬಡಿದರು, ಒಬ್ಬರು ಸತ್ತರು. ಒಂದು ಹಲ್ಲೆ ಕ್ಯಾಮೆರಾದಲ್ಲಿ ಸೆರೆಯಾಗಿ ದೇಶವೇ ನೋಡಿತು. 2009ರಲ್ಲಿ ಮೇರಿಲ್ಯಾಂಡ್, 2010ರಲ್ಲಿ ಫ್ಲಾರಿಡಾ ತಮ್ಮ ದ್ವೇಷಾಪರಾಧ ಕಾನೂನಿನಲ್ಲಿ ಸೂರಿಲ್ಲದವರನ್ನು ಹೆಸರಿಸಿ ಸೇರಿಸಿದವು. ಫ್ಲಾರಿಡಾದ ವಿಧಾನ ಸರಳ: ಕಾರಣ ಸಾಬೀತಾದರೆ ಅಪರಾಧ ಒಂದು ದರ್ಜೆ ಮೇಲೇರುತ್ತದೆ. ಆದರೆ ಅದೇ 2009ರ ಕೇಂದ್ರ ಕಾನೂನಿನಲ್ಲಿ ಸೂರಿಲ್ಲದವರಿಲ್ಲ. ಹೆಚ್ಚುವರಿ ಶಿಕ್ಷೆ ಸಂವಿಧಾನಬದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತು. ಆ ಕಾರಣವನ್ನು ಜ್ಯೂರಿಯ ಮುಂದೆ ಸಂಶಯಾತೀತವಾಗಿ ಸಾಬೀತು ಮಾಡಬೇಕು ಎಂದು 2000ದಲ್ಲಿ ಸೇರಿಸಿತು. ಅದೇ ಕೋರ್ಟು 2024ರಲ್ಲಿ, ಹೊರಗೆ ಮಲಗುವವರಿಗೆ ನಗರಗಳು ದಂಡ ಹಾಕಬಹುದು ಎಂದೂ ತೀರ್ಪು ಕೊಟ್ಟಿತು. ಹೀಗೆ ಒಂದು ಕೈಯಲ್ಲಿ ರಕ್ಷಣೆ, ಇನ್ನೊಂದರಲ್ಲಿ ದಂಡದ ಚೀಟಿ.

ಸ್ಪೇನ್‌ನ ದಾರಿ ನನಗೆ ಹೆಚ್ಚು ಇಷ್ಟ. 2005ರ ಡಿಸೆಂಬರ್‌ನಲ್ಲಿ ಬಾರ್ಸಿಲೋನಾದ ಎಟಿಎಂ ಕೊಠಡಿಯೊಂದರಲ್ಲಿ ಮಲಗಿದ್ದ ಮಹಿಳೆಯನ್ನು ಮೂವರು ಯುವಕರು ಬೆಂಕಿ ಹಚ್ಚಿ ಕೊಂದರು. 2021ರಲ್ಲಿ ಅಲ್ಲಿನ ದಂಡ ಸಂಹಿತೆಯಲ್ಲಿ ಬಡವರ ಮೇಲಿನ ದ್ವೇಷ ಮತ್ತು ಸಾಮಾಜಿಕ ಹೊರಗಿಡುವಿಕೆಯನ್ನು ಶಿಕ್ಷೆ ಹೆಚ್ಚಿಸುವ ಕಾರಣವಾಗಿ ಸೇರಿಸಿದರು. ಅದು ಯಾವುದೇ ಅಪರಾಧಕ್ಕೆ ಅನ್ವಯಿಸುತ್ತದೆ, ಐದು ಜನ ಇರಬೇಕೆಂಬ ಷರತ್ತಿಲ್ಲ. ಕೆನಡಾದಲ್ಲಿ ನಮ್ಮ ಹಾಗೆಯೇ ‘ಇಂಥ ಇತರ ಅಂಶ’ ಎಂಬ ತೆರೆದ ಪದಗಳಿವೆ. ಇಂಗ್ಲೆಂಡಿನ ಪಟ್ಟಿಯಲ್ಲಿ ಜನಾಂಗ, ಧರ್ಮ, ಲೈಂಗಿಕ ಅಭಿಮುಖತೆ, ಅಂಗವಿಕಲತೆ, ಲಿಂಗ ಪರಿವರ್ತನೆ ಎಂಬ ಐದೇ ಇವೆ.

ಶಿಕ್ಷೆ ಹೆಚ್ಚಿಸಿದರೆ ಹಲ್ಲೆ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಎಷ್ಟು ವರ್ಷ ಎಂಬುದಕ್ಕಿಂತ ಸಿಕ್ಕಿಬೀಳುತ್ತೇನೆಯೇ ಎಂಬ ಭಯ ದೊಡ್ಡದು; ಅಪರಾಧಶಾಸ್ತ್ರ ಓದಿದವರೆಲ್ಲ ಒಪ್ಪುವ ಮಾತಿದು. ರಾತ್ರಿ ಒಂದು ಗಂಟೆಗೆ ಬೈಕು ನಿಲ್ಲಿಸುವ ಹುಡುಗ ಸಂಹಿತೆ ಓದಿರುವುದಿಲ್ಲ.

ಹಾಗಾದರೆ ಏಕೆ ಬೇಕು? ನಮ್ಮ ವ್ಯವಸ್ಥೆಯಲ್ಲಿ ಶಿಕ್ಷೆಯ ಅವಧಿಯೇ ತನಿಖೆಯ ಬಾಗಿಲನ್ನು ತೆರೆಯುತ್ತದೆ, ಮುಚ್ಚುತ್ತದೆ. ಒಂದು ವರ್ಷದ ಅಪರಾಧ ಹಿಂಬರಹದಲ್ಲಿ ಮುಗಿಯುತ್ತದೆ. ಅದೇ ಅಪರಾಧ ಮೂರು ವರ್ಷದ್ದಾಗಿ, ಸಂಜ್ಞೇಯ ಎಂದು ಅನುಸೂಚಿಯಲ್ಲಿ ದಾಖಲಾದರೆ, ಅಪರಾಧ ಮೇಲ್ನೋಟಕ್ಕೆ ಕಂಡ ಮೇಲೆ ಎಫ್‌ಐಆರ್ ಆಗಲೇಬೇಕು, ಮಹಜರು ಆಗಬೇಕು, ಅಂಗಡಿಯವರ ಸಿಸಿಟಿವಿ ಅಳಿಸಿಹೋಗುವ ಮೊದಲು ಪೊಲೀಸರು ಕೇಳಬೇಕು. ನನಗೆ ಬೇಕಿರುವುದು ಆ ಹುಡುಗ ಹೆಚ್ಚು ವರ್ಷ ಜೈಲಿನಲ್ಲಿರುವುದಲ್ಲ, ಠಾಣೆಯ ಕಡತವೊಂದು ತೆರೆಯುವುದು.

ತಿದ್ದುಪಡಿ ಹೇಗಿರಬೇಕು?

ಮಾದರಿ ನಮ್ಮ ಮನೆಯಲ್ಲೇ ಇದೆ, ಅಮೆರಿಕಕ್ಕೆ ಹೋಗಬೇಕಿಲ್ಲ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ನಿಜಕ್ಕೂ ಶಿಕ್ಷೆ ಏರಿಸುತ್ತದೆ: ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವನ್ನು, ಪರಿಶಿಷ್ಟರು ಎಂದು ತಿಳಿದೂ ಎಸಗಿದರೆ ಜೀವಾವಧಿ. ಮೊದಲು ‘ಆ ಕಾರಣಕ್ಕೇ’ ಎಂದು ಸಾಬೀತು ಮಾಡಬೇಕಿತ್ತು. 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ‘ತಿಳಿದು’ ಎಂದು ಬದಲಿಸಿತು. ಎದೆಯೊಳಗಿನ ದ್ವೇಷವನ್ನು ಸಾಬೀತು ಮಾಡುವ ಕಷ್ಟ ಸಂಸತ್ತಿಗೆ ಅಷ್ಟು ವರ್ಷದ ಅನುಭವದಿಂದ ಅರ್ಥವಾಗಿತ್ತು. ಆ ಕಾಯ್ದೆಯ 1995ರ ನಿಯಮಗಳಲ್ಲಿ ಸಂತ್ರಸ್ತರಿಗೆ, ಸಾಕ್ಷಿಗಳಿಗೆ ಪ್ರಯಾಣ ಭತ್ಯೆ ಮತ್ತು ದಿನಭತ್ಯೆಯೂ ಇದೆ. ಬೀದಿಯ ಮನುಷ್ಯನ ಪ್ರಕರಣ ಬಿದ್ದುಹೋಗುವುದು ಬಹಳ ಸಲ ಇಲ್ಲಿಯೇ. ಸಮನ್ಸ್ ತಲುಪಿಸಲು ವಿಳಾಸವಿಲ್ಲ, ವಿಚಾರಣೆಯ ದಿನ ಅವನು ಹುಬ್ಬಳ್ಳಿಯಲ್ಲೋ ಅರಸೀಕೆರೆಯಲ್ಲೋ ಇರುತ್ತಾನೆ.

ಸುಡುಗಾಡು ಸಿದ್ಧ, ಹಂದಿಜೋಗಿ, ಬುಡ್ಗ ಜಂಗಮದಂಥ ಅಲೆಮಾರಿ ಸಮುದಾಯಗಳು ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿವೆ. ಪರಿಶಿಷ್ಟರಲ್ಲದವರು ಅವರ ಮೇಲೆ ಹಲ್ಲೆ ಮಾಡಿದಾಗ ಈ ಕಾಯ್ದೆ ಇಂದೇ ಲಭ್ಯ. ಜಾತಿ ಪ್ರಮಾಣಪತ್ರ ಕೂಡಲೇ ಕೈಯಲ್ಲಿಲ್ಲ ಎಂಬ ಕಾರಣಕ್ಕೆ ಅದನ್ನು ಬಿಟ್ಟು ಮಾಮೂಲಿ ಸೆಕ್ಷನ್ ಹಾಕಿಸಿಕೊಂಡು ಬರಬೇಡಿ.

ಜಾತಿ ಹುಟ್ಟಿನಿಂದ ಬರುತ್ತದೆ. ಸೂರು ಇವತ್ತಿಲ್ಲ, ನಾಳೆ ಸಿಗಬಹುದು. ಎರಡೂ ಒಂದೇ ಹೇಗೆ?

ಒಂದೇ ಅಲ್ಲ, ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಕಾನೂನು ಬದಲಾಗುವ ಸ್ಥಿತಿಗಳನ್ನೂ ರಕ್ಷಿಸುತ್ತದೆ. ನಂಬಿಕೆ ಬದಲಾಗುತ್ತದೆ, ಅದು ಪಟ್ಟಿಯಲ್ಲಿದೆ. ಹೊಡೆಯುವವನು ನಾಳೆಯನ್ನು ನೋಡುವುದಿಲ್ಲ, ಮಲಗಿರುವ ಆ ಹೊತ್ತನ್ನೇ ನೋಡುತ್ತಾನೆ.

ಅಂಗಡಿ ಮುಂದೆ ಮಲಗಿದವರನ್ನು ಬೆಳಿಗ್ಗೆ ಎಬ್ಬಿಸಿದರೆ ನನ್ನ ಮೇಲೂ ಕೇಸು ಬೀಳುತ್ತದೆಯೇ?

ಮಂಡಿಪೇಟೆಯ ವ್ಯಾಪಾರಿಯೊಬ್ಬರು ಇದನ್ನು ಕೋಪದಲ್ಲೇ ಕೇಳಿದ್ದರು. ಶಟರ್ ಎತ್ತಬೇಕು, ಏಳಪ್ಪಾ ಎಂದರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ, ಬರಲೂಬಾರದು. ಕುದಿಯುವ ನೀರು ಸುರಿದರೆ ಇಂದಿನ ಕಾನೂನಿನಲ್ಲೇ ಅಪರಾಧ.

ಮಕ್ಕಳ ಕಳ್ಳರೆಂದು ಹೊಡೆಯುವುದೂ ಇದರಲ್ಲಿ ಸೇರುತ್ತದೆಯೇ?

ಸೇರಬೇಕು. 2018ರಲ್ಲಿ ವಾಟ್ಸ್‌ಆ್ಯಪ್ ವದಂತಿಗೆ ದೇಶದುದ್ದಕ್ಕೂ ಸತ್ತವರಲ್ಲಿ ಅಲೆಮಾರಿಗಳು, ಕೆಲಸ ಹುಡುಕಿ ಬಂದ ಪರಊರಿನವರು ಇದ್ದರು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬ ಬಲಿಯಾದರು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಭಿಕ್ಷಾಟನೆಗೆ ಬಂದಿದ್ದ ಅಲೆಮಾರಿ ಸಮುದಾಯದ ಐವರನ್ನು ಕೊಂದರು. ಅದೇ ಜುಲೈ 17ರಂದು ಸುಪ್ರೀಂ ಕೋರ್ಟ್, ಗುಂಪು ಹಲ್ಲೆ ತಡೆಯಲು ಪ್ರತಿ ಜಿಲ್ಲೆಯಲ್ಲಿ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕೆಂದು ಆದೇಶಿಸಿತು. ದಾವಣಗೆರೆ, ಚಿತ್ರದುರ್ಗಕ್ಕೂ ಅದು ಅನ್ವಯ. ವದಂತಿ ಬಂದ ದಿನ ಊರಿನ ಗ್ರೂಪಿನಲ್ಲಿ ಮುಂದಕ್ಕೆ ಕಳಿಸುವ ಬದಲು 112ಕ್ಕೆ ಕರೆ ಮಾಡಿ.

ಮಾನಸಿಕವಾಗಿ ಅಸ್ವಸ್ಥರಾದವರ ಕಥೆ?

ಹರಿಹರದ ಕಡೆಯ ಉಕ್ಕಡಗಾತ್ರಿಗೆ ಮನಸ್ಸು ಕೆಟ್ಟವರನ್ನು ಕರೆತರುವ ಪದ್ಧತಿ ನಮಗೆಲ್ಲ ಗೊತ್ತು. ಕರೆತಂದ ಎಲ್ಲರನ್ನೂ ಮನೆಯವರು ಮರಳಿ ಕರೆದೊಯ್ಯುವುದಿಲ್ಲ. ತನ್ನಷ್ಟಕ್ಕೆ ಮಾತಾಡುತ್ತ ನಡೆಯುವವನಿಗೆ ಕಲ್ಲು ಬೀಳುವುದೂ ಬೇಗ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಹೀಗೆ ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ಪೊಲೀಸರ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ.

ಸರ್ಕಾರವೇ ಇವರನ್ನು ಹಿಡಿದು ಸಾಗಿಸುತ್ತದಲ್ಲ?

ಹೌದು, ಇಡೀ ಚರ್ಚೆಯಲ್ಲಿ ಮುಜುಗರದ ಭಾಗವಿದು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬೇಡುವವರನ್ನು ವಾರಂಟ್ ಇಲ್ಲದೆ ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಿಸಬಹುದು. ನೀವು ಕಟ್ಟುವ ಆಸ್ತಿ ತೆರಿಗೆಯ ರಸೀದಿಯಲ್ಲಿ ಶೇಕಡ 3ರ ಭಿಕ್ಷುಕರ ಕರ ಇರುತ್ತದೆ, ನೋಡಿಕೊಳ್ಳಿ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಹಲವರು ಸತ್ತಾಗ ಆ ವ್ಯವಸ್ಥೆಯ ಒಳಗು ಹೊರಬಿತ್ತು. ದೆಹಲಿ ಹೈಕೋರ್ಟ್ 2018ರಲ್ಲಿ ಅಲ್ಲಿಗೆ ಅನ್ವಯಿಸುತ್ತಿದ್ದ ಇಂಥದೇ ಕಾಯ್ದೆಯ ಹಲವು ಸೆಕ್ಷನ್‌ಗಳನ್ನು ಅಸಾಂವಿಧಾನಿಕ ಎಂದಿತು. ಹೊಡೆದವರ ವಿರುದ್ಧ ದೂರು ಕೊಡಲು ಹೋದರೆ ತನ್ನನ್ನೇ ಗಾಡಿ ಹತ್ತಿಸುತ್ತಾರೆ ಎಂಬ ಭಯ ಇರುವವರೆಗೆ ಯಾವ ಹೊಸ ಸೆಕ್ಷನ್ನೂ ಬಳಕೆಗೆ ಬರುವುದಿಲ್ಲ. ದೂರುದಾರನ ಮೇಲೆ ಈ ಕಾಯ್ದೆ ಹೂಡಬಾರದು ಎಂಬ ಒಂದು ಸಾಲು ತಿದ್ದುಪಡಿಯಲ್ಲಿ ಇರಲೇಬೇಕು.

ತಂಗುದಾಣ ಕಟ್ಟಿದರೆ ಸಾಕಲ್ಲವೇ?

ಕಟ್ಟಲಿ. ಕೇಂದ್ರದ ಮಾರ್ಗಸೂಚಿಯಂತೆ ಲಕ್ಷ ಜನಸಂಖ್ಯೆಗೆ ನೂರು ಜನರಿಗಾದರೂ ತಂಗುವ ವ್ಯವಸ್ಥೆ ಬೇಕು, ತಲೆಗೆ 50 ಚದರ ಅಡಿ. 2011ರಲ್ಲೇ 4.35 ಲಕ್ಷ ಜನರಿದ್ದ ದಾವಣಗೆರೆಗೆ ಅದು ನಾನೂರಕ್ಕೂ ಹೆಚ್ಚು ಜನರ ಜಾಗ. ಮೂಟೆ ಬಿಟ್ಟು ಬರಲಾಗದ ಹಮಾಲಿ, ನಾಯಿಯನ್ನು ಬಿಟ್ಟು ಬರದ ಮುದುಕ ಆಮೇಲೂ ಹೊರಗೇ ಮಲಗುತ್ತಾರೆ.

ಅವರವರೇ ಹೊಡೆದಾಡಿಕೊಂಡರೆ?

ಅದು ಮಾಮೂಲಿ ಹಲ್ಲೆ, ಮಾಮೂಲಿ ಸೆಕ್ಷನ್.

ಕಣ್ಣೆದುರು ಹಲ್ಲೆ ನಡೆದರೆ ನಾನೇನು ಮಾಡಬೇಕು?

112ಕ್ಕೆ ಕರೆ ಮಾಡಿ, ಗಾಡಿಯ ಸಂಖ್ಯೆ ಬರೆದುಕೊಳ್ಳಿ. ಗಾಯಾಳುವನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಎಂದೇ ನೋಂದಾಯಿಸಲು ಹೇಳಿ. ಬಿದ್ದು ಗಾಯವಾಯಿತು ಎಂದು ಬರೆಸಿದರೆ ಮುಂದೆ ಗಾಯದ ಪ್ರಮಾಣಪತ್ರ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಫಿರ್ಯಾದಿಯನ್ನು ನೀವೇ ಕೊಡಬಹುದು, ಗಾಯಾಳುವೇ ಕೊಡಬೇಕೆಂದಿಲ್ಲ. ಹೊಡೆಯುವಾಗ ಆಡಿದ ಮಾತುಗಳನ್ನು ಆಡಿದಂತೆಯೇ ಬರೆಯಿರಿ. ‘ಊರು ಹೊಲಸು ಮಾಡೋಕೆ ಬಂದಿದ್ದಾರೆ’ ಎಂಬ ಒಂದು ಸಾಲು ಕಾರಣಕ್ಕೆ ಸಾಕ್ಷಿಯಾಗುತ್ತದೆ. ‘ಅವಾಚ್ಯವಾಗಿ ನಿಂದಿಸಿ’ ಎಂಬ ಸಿದ್ಧ ಪದಗುಚ್ಛದಲ್ಲಿ ಅದು ಕಳೆದುಹೋಗುತ್ತದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಹೊಡೆದವರು ಪತ್ತೆಯಾಗದಿದ್ದರೂ ಪರಿಹಾರಕ್ಕೆ ಅಲ್ಲೇ ಅರ್ಜಿ ಹಾಕಬಹುದು.

ತಿದ್ದುಪಡಿಗೆ ಯಾರಿಗೆ ಬರೆಯಬೇಕು?

ನ್ಯಾಯ ಸಂಹಿತೆ ಸಂಸತ್ತಿನದು, ಆದ್ದರಿಂದ ನಿಮ್ಮ ಸಂಸದರಿಗೆ. ಕ್ರಿಮಿನಲ್ ಕಾನೂನು ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯವೂ ತನ್ನ ಮಟ್ಟಿಗೆ ತಿದ್ದುಪಡಿ ತರಬಹುದು. ಕೇಂದ್ರ ಕಾನೂನಿಗೆ ಅದು ವ್ಯತಿರಿಕ್ತವಾದರೆ ರಾಷ್ಟ್ರಪತಿಯ ಒಪ್ಪಿಗೆ ಬೇಕು. ಹಾಗಾಗಿ ಶಾಸಕರಿಗೂ ಒಂದು ಪ್ರತಿ ಕಳಿಸಿ. ಪತ್ರ ಒಂದು ಪುಟ ಮೀರದಿರಲಿ. ಸೂರಿಲ್ಲದಿರುವಿಕೆಯನ್ನು ಕಾರಣವಾಗಿ ಹೆಸರಿಸಬೇಕು, ಐದು ಜನರ ಷರತ್ತು ಹೋಗಬೇಕು, ಈ ಕಾರಣಕ್ಕಾದ ಸಾಧಾರಣ ಗಾಯವೂ ಸಂಜ್ಞೇಯವಾಗಬೇಕು, ಸಾಕ್ಷಿಗೆ ಭತ್ಯೆ ಸಿಗಬೇಕು, ದೂರುದಾರನನ್ನು ಭಿಕ್ಷಾಟನೆ ಕಾಯ್ದೆಯಡಿ ಹಿಡಿಯಬಾರದು. ಇಷ್ಟನ್ನು ಬರೆದು, ಸೆಕ್ಷನ್ ಸಂಖ್ಯೆಗಳನ್ನು ಹಾಕಿ, ನೋಂದಣಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.